ಟವೆಲ್ಲಿನ ಕೆಳಗೆ ಒಂದು ಬೆರಳು

ಸೆಪ್ಟೆಂಬರ್ ೬, ೨೦೨೫. ಸಂತೆ ದಿನ, ಸಂಜೆ

ಕೆಂಪು ಗುಂಡಿ ಒತ್ತಿದ್ದೇನೆ. ರೆಕಾರ್ಡ್ ಆಗುತ್ತಿರಬೇಕು. ಆಗದಿದ್ದರೂ ಸರಿ, ಇವತ್ತು ಮಾತಾಡದೆ ಇದ್ದರೆ ನನ್ನ ತಲೆ ಒಡೆಯುತ್ತದೆ. ನೀಲಾಂಬಿಕ ಕೇಳುವಷ್ಟು ಕೇಳಿದಳು. ಆಮೇಲೆ, "ರೀ, ಒಂದೇ ಮಾತನ್ನ ಎಷ್ಟ್ ಸಲ ಹೇಳ್ತೀರಿ? ಆ ಮೊಬೈಲಿಗೆ ಹೇಳ್ರಿ, ಅದಕ್ಕೆ ಬ್ಯಾಸರ ಆಗಲ್ಲ" ಅಂದಳು. ಹೆಂಡತಿ ಆಡುವ ಮಾತೇ ಇದು? ಸರಿ, ಮೊಬೈಲಿಗೇ ಹೇಳುತ್ತೇನೆ.

ಶೇಷಪ್ಪ ನನಗೆ ಮೋಸ ಮಾಡಿದ. ಸೊರಬದ ಶೇಷಪ್ಪ. ನನ್ನ ಮಗಳ ಮದುವೆಯಲ್ಲಿ ಪಂಚೆ ಎತ್ತಿ ಕಟ್ಟಿ ಬಡಿಸಲು ನಿಂತವನು.

ಮೊಬೈಲೇ, ನಿನಗೆ ದನದ ವ್ಯಾಪಾರ ಗೊತ್ತಿಲ್ಲ, ಕೇಳು. ನಾವು ದಲ್ಲಾಳಿಗಳು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಡುವವನ ಕಡೆ ಒಬ್ಬ, ಕೊಳ್ಳುವವನ ಕಡೆ ಒಬ್ಬ, ಇಬ್ಬರೂ ಕೈ ಹಿಡಿದು ಮೇಲೆ ಟವೆಲ್ ಹೊದಿಸುತ್ತೇವೆ. ಒಳಗೆ ಬೆರಳು ಮಾತಾಡುತ್ತವೆ. ಎದುರಿನವನು ನನ್ನ ಎಷ್ಟು ಬೆರಳು ಅದುಮಿದನೋ ಅದು ಬೆಲೆ. ಬಾಯಿ ಮಾತ್ರ ಊಟ ಆಯ್ತಾ, ಮೊಮ್ಮಗು ಹೇಗಿದೆ ಅಂತ ಸುಮ್ಮನೆ ಆಡುತ್ತಿರುತ್ತದೆ. ಸುತ್ತ ನಿಂತವರಿಗೆ ತಿಳಿಯಬಾರದು. ಟವೆಲ್ ತೆಗೆದರೆ ಮುಗಿಯಿತು. ಕೋರ್ಟಿನ ತೀರ್ಪಿಗಾದರೂ ಅಪೀಲು ಉಂಟು, ಇದಕ್ಕಿಲ್ಲ.

ಇವತ್ತು ತೊಗರ್ಸಿಯ ಪರಶುರಾಮನ ಜೋಡಿ ಎತ್ತು ಮಾರಾಟಕ್ಕಿತ್ತು. ನಾನು ಅವನ ಕಡೆ. ಕೊಳ್ಳುವವನ ಕಡೆ ಶೇಷಪ್ಪ. ದೊಡ್ಡ ಮೊತ್ತ ಒಪ್ಪಿಗೆಯಾಗಿತ್ತು, ಕೊಸರಿಗೆ, ಅಂದರೆ ಅದರ ಮೇಲಿನ ಬಿಡಿ ಸಾವಿರಗಳಿಗೆ, ಕೊನೆಯ ಹಿಡಿತ. ಶೇಷಪ್ಪ ಎರಡು ಬೆರಳು ಹಿಡಿದ. ಎರಡು! ತೋರುಬೆರಳು, ನಡುಬೆರಳು. ನಾನು ಟವೆಲ್ ತೆಗೆದು ಪರಶುರಾಮನ ಕಿವಿಯಲ್ಲಿ ಎರಡು ಅಂದೆ, ಅವನು ಗೂಟದಿಂದ ಹಗ್ಗ ಬಿಚ್ಚಿದ. ಆಗ ಈ ಶೇಷಪ್ಪ ಮುಖ ಸಣ್ಣ ಮಾಡಿಕೊಂಡು, "ಒಂದಲ್ಲನಾ ಮಾರಾಯ ನಾ ಹಿಡಿದದ್ದು?" ಅಂದ.

ನಾನು ಬಿಟ್ಟೇನೇ? "ಕಳ್ಳ" ಅಂದೆ. ಇಡೀ ಸಂತೆಗೆ ಕೇಳುವ ಹಾಗೆ ಅಂದೆ. ಅವನು ತಿರುಗಿ ಬಯ್ಯಲಿಲ್ಲ, ಅದೇ ಅವನ ಕಳ್ಳತನಕ್ಕೆ ಸಾಕ್ಷಿ. ಪರಶುರಾಮ ಎತ್ತು ಹೊಡೆದುಕೊಂಡು ವಾಪಸು ಹೋದ. ನಮ್ಮಲ್ಲಿ ಹಿರಿಯ ದಲ್ಲಾಳಿ ವೀರಬಸಪ್ಪ ಬಂದು ನಡುವೆ ನಿಂತ. "ಇಬ್ರಲ್ಲಿ ಒಬ್ಬಾತ ಸುಳ್ಳು ಹೇಳ್ತಾನೆ. ಯಾರು ಅಂತ ಇತ್ಯರ್ಥ ಆಗೋ ಮಟ ಇಬ್ರಿಗೂ ಯಾರೂ ಟವೆಲ್ಲಿನೊಳಗೆ ಕೈ ಕೊಡಬ್ಯಾಡ್ರಿ."

ದೀಪಾವಳಿ ಹತ್ತಿರ ಬರುತ್ತಿದೆ. ಹೋರಿ ಹಬ್ಬಕ್ಕೆ ಹೋರಿ ಕೇಳುವವರು ಇನ್ನೇನು ಶುರು. ನಮಗೆ ವರ್ಷದ ಅನ್ನ ಹುಟ್ಟುವ ಕಾಲ ಅದು. ಆಗ ನನಗೆ ಕೈ ಇಲ್ಲ ಅಂದರೆ ನಾನು ಸಂತೆಯಲ್ಲಿ ಏನು, ಗೂಟವೇ?

ಅಂಗಿ ಬಿಚ್ಚುವುದಕ್ಕೂ ಆಗುತ್ತಿಲ್ಲ, ಈ ದರ್ಜಿ ಗುಂಡಿಯ ತೂತು ಸಣ್ಣ ಮಾಡಿಟ್ಟಿದ್ದಾನೆ. ಎಲ್ಲರೂ ಸೇರಿ ನನ್ನ ಜೀವ ತಿನ್ನಲಿ.

ಸೆಪ್ಟೆಂಬರ್ ೮

ಇವತ್ತು ಜೀವ ತಿನ್ನಲು ಇನ್ನೊಬ್ಬಳು. ನಮ್ಮೂರ ಆರೋಗ್ಯ ಕೇಂದ್ರದ ನರ್ಸ್ ಧನಲಕ್ಷ್ಮಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನೇರ ಜಗಲಿಗೇ ಬಂದಳು.

"ಚಂದ್ರಣ್ಣ, ಮೂವತ್ತು ದಾಟಿದೋರೆಲ್ಲ ವರ್ಷಕ್ಕೊಂದ್ ಸಲ ಬಿಪಿ, ಶುಗರ್ ನೋಡಿಸ್ಬೇಕು. ನೀವು ಐವತ್ತಕ್ಕೆ ಬಂದ್ರಿ, ಒಮ್ಮೆನೂ ಬಂದಿಲ್ಲ."

"ನಾನೇನ್ ಎತ್ತೇನವ್ವ, ಬಾಯಿ ತೆಗಿಸಿ ಹಲ್ಲು ನೋಡೋಕೆ?"

"ಎತ್ತಾಗಿದ್ರೆ ಚಲೋ ಇತ್ತು. ಮಾಲೀಕ ಮೂಗುದಾರ ಹಿಡ್ಕಂಡ್ ಬರ್ತಿದ್ದ."

ನೀಲಾಂಬಿಕ ಸೆರಗು ಬಾಯಿಗಿಟ್ಟು ನಕ್ಕಳು. ನಾನು ಎದ್ದು ಒಳಗೆ ಹೋದೆ. ನಗುವವರ ಎದುರು ಕೂರುವ ಕಾಲವಲ್ಲ ಇದು ನನಗೆ.

ನೀಲಾಂಬಿಕ ಮಧ್ಯಾಹ್ನ ಹೋಗಿ ನೋಡಿಸಿಕೊಂಡು ಬಂದಳು. ಬಿಪಿ ಸ್ವಲ್ಪ ಜಾಸ್ತಿ ಇದೆಯಂತೆ, ಮತ್ತೆ ಬರಬೇಕಂತೆ. ನೋಡು, ಇಷ್ಟು ದಿನ ಗಟ್ಟಿಯಾಗಿದ್ದವಳ ತೋಳಿಗೆ ಪಟ್ಟಿ ಸುತ್ತಿ ಕಾಯಿಲೆ ಕೊಟ್ಟು ಕಳಿಸಿದರು. ಹೋಗದಿದ್ದರೆ ಬರುತ್ತಿತ್ತೇ?

ಸೆಪ್ಟೆಂಬರ್ ೧೩. ಸಂತೆ ದಿನ

ಹೋದೆ. ಯಾರೂ ಕೈ ಕೊಡಲಿಲ್ಲ. ಟವೆಲ್ ಹೆಗಲ ಮೇಲೇ ಉಳಿಯಿತು. ಚಹಾದ ಅಂಗಡಿಯವನು, "ಇವತ್ ಆರಾಮ ಏನ್ರೀ ಚಂದ್ರಣ್ಣ" ಅಂದ. ಲೋಟ ಅಲ್ಲೇ ಕುಕ್ಕಿ ಬಂದೆ.

ಶೇಷಪ್ಪ ಬಂದಿರಲಿಲ್ಲ. ಕಳ್ಳನಿಗೆ ಬರಲು ಮುಖವೆಲ್ಲಿದೆ.

ಸೆಪ್ಟೆಂಬರ್ ೧೬

ತೋರುಬೆರಳಿಗೆ ಕೀವು ತುಂಬಿದೆ. ಮೊನ್ನೆ ಒಲೆಯಿಂದ ಹಾಲಿನ ಪಾತ್ರೆ ಇಳಿಸಿದ್ದೆ. ನೀಲಾಂಬಿಕ, "ರೀ, ಬಿಡ್ರಿ, ಕೈ ಸುಡ್ತೈತಿ" ಅಂತ ಚೀರಿದಳು. ಏನೂ ಬಿಸಿ ಇರಲಿಲ್ಲ. ನಿಧಾನವಾಗಿ ಇಳಿಸಿ, ನೆಲದ ಮೇಲಿಟ್ಟು, ಅವಳಿಗೆ ಬೈದೆ. ಆದರೂ ಬೆರಳಲ್ಲಿ ಬೊಬ್ಬೆ ಬಂತು. ಈಗಿನ ಸ್ಟೀಲ್ ಪಾತ್ರೆಗಳೇ ಸರಿಯಿಲ್ಲ, ಬಿಸಿ ಹೊರಗೆ ತೋರಿಸುವುದಿಲ್ಲ.

ಇವತ್ತು ನೀಲಾಂಬಿಕ ನನ್ನನ್ನು ಧನಲಕ್ಷ್ಮಿಯ ಹತ್ತಿರ ಎಳೆದುಕೊಂಡು ಹೋದಳು. ಗಾಯ ತೊಳೆಸಲು ಅಂತ ಹೋದವನು ನಾನು. ಅವಳು ತೊಳೆದಳು, ಒತ್ತಿ ಕೀವು ತೆಗೆದಳು. ನಾನು ಗೋಡೆಯ ಮೇಲಿನ ಪೋಲಿಯೋ ಚಿತ್ರ ನೋಡುತ್ತ ಕೂತಿದ್ದೆ. "ನೋವಾಗಲ್ವಾ?" ಅಂದಳು. "ಗಂಡಸು ನಾನು" ಅಂದೆ. ಅವಳು ನಗಲಿಲ್ಲ. ಎಡಗೈಗೆ ಸೂಜಿ ಚುಚ್ಚಿ ರಕ್ತವನ್ನು ಯಂತ್ರಕ್ಕೆ ಹಾಕಿದಳು. ಬಂದ ನಂಬರನ್ನು ಎರಡು ಸಲ ನೋಡಿದಳು.

"ಚಂದ್ರಣ್ಣ, ಸಕ್ಕರೆ ತುಂಬಾ ಐತಿ."

"ನಿನ್ ಯಂತ್ರ ಕೆಟ್ಟೈತಿ."

"ಹೌದಾ? ಅಕ್ಕ, ಕೈ ಕೊಡ್ರಿ." ನೀಲಾಂಬಿಕನದು ಸರಿಯಾಗಿಯೇ ಬಂತು. "ಯಂತ್ರ ಗಂಡಸರಿಗ್ ಮಾತ್ರ ಕೆಡ್ತದೇನ್ರೀ?"

ಕೈ ಜುಮ್ಮೆನ್ನುತ್ತದೆಯೇ ಅಂತ ಕೇಳಿದಳು. ಒಂದು ವರ್ಷದಿಂದ ಅನ್ನುತ್ತದೆ. ಐವತ್ತಾದರೆ ಯಾರಿಗೆ ಅನ್ನುವುದಿಲ್ಲ? ಅದನ್ನು ಹೇಳಿದೆ. ಅವಳು ಅಲ್ಲೇ ನಿಂತು ಶಿಕಾರಿಪುರದ ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ, ನಾಳೆ ಬರುತ್ತಾರೆ ಅಂತ ನನ್ನ ಹೆಸರು ಹೇಳಿಬಿಟ್ಟಳು. ನನ್ನನ್ನು ಕೇಳಲೇ ಇಲ್ಲ! ಹೋಗುವುದಿಲ್ಲ. ದುಡ್ಡು ಕೊಟ್ಟು ದೊಡ್ಡ ಊರಿನಲ್ಲಿ ತೋರಿಸಿಕೊಳ್ಳುತ್ತೇನೆ. ಪುಕ್ಕಟೆ ಕೊಡುವ ಕಡೆ ಏನಿರುತ್ತದೆ?

ಸೆಪ್ಟೆಂಬರ್ ೧೭. ಆಸ್ಪತ್ರೆ ಮುಗಿಸಿ, ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ

ನೀಲಾಂಬಿಕ ಚೀಟಿ ಹಿಡಿದು ಗುಳಿಗೆ ತರಲು ಹೋಗಿದ್ದಾಳೆ. ಬೇಗ ಹೇಳುತ್ತೇನೆ.

ಬರಲ್ಲ ಅಂದವನನ್ನು ನೀಲಾಂಬಿಕ ಬೆಳಿಗ್ಗೆಯೇ ಬಸ್ಸು ಹತ್ತಿಸಿದಳು. ಸಾಲು ಇತ್ತು. ಸಾಲಿನಲ್ಲಿ ನಿಂತು ಎಲ್ಲರಿಗೂ ಬೈದೆ, ಮನಸ್ಸಿನಲ್ಲಿ. ಶುಗರ್ ಬಿಪಿಗೆ ಅಂತಲೇ ಬೇರೆ ಕೋಣೆ ಮಾಡಿದ್ದಾರೆ. ಡಾಕ್ಟರ್ ವಾಣಿಶ್ರೀ ಅಂತ. ಕಾಲು ನೋಡಿದರು. ಹಿಮ್ಮಡಿಯಲ್ಲಿ ಮುಳ್ಳು ಮುರಿದುಕೊಂಡು ಕೂತಿತ್ತು, ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಬಲಗೈ ಮೇಜಿನ ಮೇಲೆ ಇಡಿಸಿ, ಒಂದು ತೆಳ್ಳನೆಯ ನೈಲಾನ್ ಎಳೆ ತೆಗೆದರು.

"ಕಣ್ಣ್ ಮುಚ್ಚಿ. ಯಾವ ಬೆರಳು ಮುಟ್ಟಿದೆ ಹೇಳಿ."

"ಕಿರುಬೆರಳು."

"ಸರಿ. ಈಗ?"

"ತೋರುಬೆರಳು."

"ಈಗ?"

"ತೋರುಬೆರಳು, ನಡುಬೆರಳು, ಎರಡೂ. ನಮ್ಮ ಕಸುಬೇ ಇದು ಮೇಡಂ. ದಿನಾ ಬೆರಳಲ್ಲೇ ಲಕ್ಷಗಟ್ಟಲೆ ಮಾತಾಡ್ತೀವಿ."

"ಕಣ್ಣು ಬಿಡಿ" ಅಂದರು. "ಕೊನೆ ಎರಡು ಸಲ ನಾನು ಮುಟ್ಟೇ ಇರ್ಲಿಲ್ಲ."

ನನಗೆ ಸಿಟ್ಟು ಬಂತು. ಕಣ್ಣು ಮುಚ್ಚಿಸಿ ಆಟ ಆಡಿಸುವುದಾ? ಇನ್ನೊಮ್ಮೆ ಮಾಡಿ ಅಂದೆ. ಮಾಡಿದರು. ಈ ಸಲ ನಿಜವಾಗಿ ಮುಟ್ಟಿದರಂತೆ, ನಾನು ಇಲ್ಲ ಅಂದೆನಂತೆ. ನೀಲಾಂಬಿಕ ಗೋಡೆಯ ಕಡೆ ತಿರುಗಿ ನಿಂತಳು.

ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ. ಸಕ್ಕರೆ ಇರುವವರಿಗೆ ಇದು ಹೆಚ್ಚು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮಂಕಾಗುತ್ತವೆ. ಪಾದದಲ್ಲೂ ಶುರುವಾಗಿದೆ. ಸಕ್ಕರೆ ಹಿಡಿತಕ್ಕೆ ತಂದು ಮಣಿಕಟ್ಟಿಗೆ ಪಟ್ಟಿ ಕಟ್ಟಿದರೆ ಒಂದಷ್ಟು ವಾಪಸು ಬರಬಹುದು, ಬಾರದಿದ್ದರೆ ಶಿವಮೊಗ್ಗದಲ್ಲಿ ಸಣ್ಣ ಆಪರೇಷನ್. ಎಷ್ಟು ಬರುತ್ತದೆ ಅಂತ ಈಗಲೇ ಹೇಳಲು ಆಗುವುದಿಲ್ಲವಂತೆ. "ಒಂದ್ ವರ್ಷ ಮುಂಚೆ ಬಂದಿದ್ರೆ" ಅಂತ ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

ಶೇಷಪ್ಪ ಒಂದೇ ಬೆರಳು ಹಿಡಿದಿದ್ದ.

ನನಗೆ ತಿಳಿದಿರಲಿಲ್ಲ. ಎದುರಿನವನ ಮುಖ, ಎತ್ತಿನ ಮೈ, ಆ ವಾರದ ದರ ನೋಡಿ ಇಷ್ಟಿರಬೇಕು ಅಂತ ತಲೆ ಊಹಿಸುತ್ತಿತ್ತು. ನಾನು ಅದನ್ನು ಬೆರಳು ಹೇಳಿತು ಅಂದುಕೊಂಡೆ. ಎಷ್ಟು ಸಂತೆ ಹೀಗೆ ನಡೆಯಿತೋ.

ಬಂದಳು. ಬಂದ್ ಮಾಡುತ್ತೇನೆ.

ಸೆಪ್ಟೆಂಬರ್ ೨೪

ಒಂದು ವಾರ ಈ ಮೊಬೈಲನ್ನು ಮುಟ್ಟಲಿಲ್ಲ. ಸಿಟ್ಟು. ಗುಳಿಗೆಯ ಮೇಲೆ, ಮುದ್ದೆಯ ಮೇಲೆ, ಬೆಳಿಗ್ಗೆ ಕೆರೆ ಏರಿ ಮೇಲೆ ಬೀಸುಗಾಲು ಹಾಕಿ ನಡೆಯುವುದರ ಮೇಲೆ. ಕೈಗೆ ಪಟ್ಟಿ ಕಟ್ಟಿಕೊಂಡು ಮಲಗಿದರೆ ಎತ್ತಿಗೆ ನೊಗ ಕಟ್ಟಿದ ಹಾಗೆ. ಧನಲಕ್ಷ್ಮಿ ಎರಡು ಸಲ ಫೋನ್ ಮಾಡಿದಳು. ಗುಳಿಗೆ ತಗೊಂಡ್ರಾ, ಪಾದ ತೊಳೆದು ನೋಡ್ಕೊಂಡ್ರಾ. ನನ್ನ ತಾಯಿಯೂ ಇಷ್ಟು ಕೇಳಿರಲಿಲ್ಲ.

ನಿನ್ನೆ ಮತ್ತೆ ಆಸ್ಪತ್ರೆಗೆ ಹೋಗಿದ್ದೆ. ಮೂತ್ರ ನೋಡಿದರು, ಕಿಡ್ನಿಗಂತೆ. ಕಣ್ಣಿನೊಳಗಿನ ಫೋಟೋ ತೆಗೆದರು. ಕಣ್ಣೊಳಗೂ ಫೋಟೋ ತೆಗೆಯುತ್ತಾರೆ ಅಂತ ಯಾರಿಗೆ ಗೊತ್ತಿತ್ತು? ಕಣ್ಣು ಚೆನ್ನಾಗಿದೆಯಂತೆ, ಕಿಡ್ನಿಯೂ. ಮನೆಗೆ ಬಂದು ನೀಲಾಂಬಿಕನ ಮೇಲೆ ರೇಗಿದೆ, ಇಷ್ಟೆಲ್ಲ ಇಲ್ಲೇ ಇದೆ ಅಂತ ಒಬ್ಬರೂ ಹೇಳಲಿಲ್ಲವಲ್ಲ ಅಂತ.

"ಧನಲಕ್ಷ್ಮಿ ವರ್ಷಾವರ್ಷ ಬಾಗಿಲಿಗ್ ಬಂದ್ ಹೇಳ್ತಿದ್ಲು" ಅಂದಳು. "ನೀವು ಹಿತ್ಲಿಗ್ ಹೋಗ್ತಿದ್ರಿ."

ಅಷ್ಟರಲ್ಲಿ ನೀಲಾಂಬಿಕನ ತಮ್ಮ ದೇವರಾಜ ಬಂದ. ಮೇಜಿನ ಮೇಲಿನ ಗುಳಿಗೆ ನೋಡಿ, "ಏನ್ ಭಾವ, ಸರ್ಕಾರಿ ಗುಳಿಗೆ? ಸುಣ್ಣದ ಪುಡಿ ಅದು, ಸುಮ್ನೆ ನುಂಗ್ತಿದೀರಿ" ಅಂದ.

"ನೀನ್ ಯಾವಾಗ್ ಹೋಗಿದ್ಯೋ ಅಲ್ಲಿಗೆ?"

"ನಾನ್ಯಾಕ್ ಹೋಗ್ಲಿ?"

"ಹೋಗ್ದೆ ಹೆಂಗ್ ಗೊತ್ತಾತು ಸುಣ್ಣ ಅಂತ? ನೆಕ್ಕಿದ್ಯಾ? ಎಷ್ಟ್ ವಯಸ್ಸು ನಿಂಗೆ? ನಲವತ್ನಾಕು! ಒಂದ್ಸಲನಾದ್ರೂ ರಕ್ತ ಕೊಟ್ಟೀಯಾ? ಕತ್ತೆ ಹಂಗ್ ಬೆಳದೀಯ!"

ಅವನು ಕಾಫಿ ಕುಡಿಯದೆ ಎದ್ದು ಹೋದ. ಇಂಥ ತಿಳಿಗೇಡಿಗಳನ್ನು ಕಟ್ಟಿಕೊಂಡು ದೇಶ ಉದ್ಧಾರ ಆಗುವುದಿಲ್ಲ.

ಸೆಪ್ಟೆಂಬರ್ ೨೮. ಸೊರಬದಿಂದ ಬಂದು

ಶೇಷಪ್ಪನ ಮನೆಗೆ ಹೋಗಿದ್ದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅವನು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ, ನನ್ನನ್ನು ನೋಡಿ ಬಾಚುವುದು ನಿಲ್ಲಿಸಲಿಲ್ಲ.

"ಎಂತ ಬಂದಿ? ಇನ್ನೂ ಎಂತಾದ್ರೂ ಬಾಕಿ ಇತ್ತನಾ ಬೈಯೋದು?"

ಹೇಳಿದೆ. ನೈಲಾನ್ ಎಳೆ, ಡಾಕ್ಟರು, ಸಕ್ಕರೆ, ಎಲ್ಲ. ಕೈ ಮುಂದೆ ಹಿಡಿದು ತೋರಿಸಿದೆ, ಕಾಣುವಂಥದ್ದು ಏನಿದೆ ಅದರಲ್ಲಿ.

ಅವನು ಸಲಿಕೆ ಗೋಡೆಗೆ ಒರಗಿಸಿದ. "ನಂಗ್ಯಾಕ್ ಹೇಳ್ತಿ ಮಾರಾಯ? ನಾ ಒಂದೇ ಹಿಡಿದದ್ದು ಅಂತ ನಂಗ್ ಗೊತ್ತೇ ಇದೆ. ನೀ ನನ್ನ ಕಳ್ಳ ಅಂದದ್ದು ಇಲ್ಲಿ ಕೊಟ್ಟಿಗೆ ಒಳಗನಾ? ಅಲ್ಲಿ ಅಂದಿ, ಸಂತೆ ಒಳಗೆ. ಅಲ್ಲೇ ಹೇಳು."

"ಸಂತೇಲಿ ಹೇಳಿದ್ರೆ ನನ್ ಕತೆ ಮುಗೀತು ಶೇಷಪ್ಪ. ಬೆರಳು ಸತ್ತ ದಲ್ಲಾಳಿಗೆ ಯಾರ್ ಕೈ ಕೊಡ್ತಾರೆ?"

"ಹೇಳ್ದೇ ಇದ್ರೆ ನನ್ ಕತೆ ಮುಗೀತು. ಅದು ಅಡ್ಡಿಲ್ಲನಾ ನಿಂಗೆ?"

ಅವನ ಹೆಂಡತಿ ಮಜ್ಜಿಗೆ ತಂದಳು. ಅವನು ಅವಳಿಗೆ, "ಉಪ್ಪು ಹಾಕ್ಬೇಡ, ಇವನಿಗೆ ಕಾಯಿಲೆ" ಅಂದ. ಯಾವ ಕಾಯಿಲೆಗೆ ಯಾವುದು ಬೇಡ ಅಂತಲೂ ಗೊತ್ತಿಲ್ಲ ಬಡ್ಡಿಮಗನಿಗೆ. ಉಪ್ಪಿಲ್ಲದ ಮಜ್ಜಿಗೆ ಕುಡಿದು ಬಂದೆ.

ಬಸ್ಸಿನುದ್ದಕ್ಕೂ ಅವನಿಗೆ ಬೈದೆ. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ, ಅದಕ್ಕೂ ಬೈದೆ.

ಅಕ್ಟೋಬರ್ ೪. ಸಂತೆ ದಿನ

ಹೇಳಿದೆ.

ವೀರಬಸಪ್ಪನ ಎದುರು, ನಡು ಸಂತೆಯಲ್ಲಿ, ಶೇಷಪ್ಪನನ್ನೂ ಪರಶುರಾಮನನ್ನೂ ನಿಲ್ಲಿಸಿಕೊಂಡು. "ಶೇಷಪ್ಪ ಹಿಡಿದಿದ್ದು ಒಂದೇ ಬೆರಳು. ನಂಗ್ ತಿಳೀಲಿಲ್ಲ. ನನ್ ಬೆರಳಿಗೆ ಸ್ಪರ್ಶ ಇಲ್ಲ, ಸಕ್ಕರೆ ಕಾಯಿಲೆ. ಸುಳ್ಳಾಗಿದ್ದು ನನ್ ಕೈ, ಅವನ ಕೈ ಅಲ್ಲ."

ಯಾರೋ ಹಿಂದಿನಿಂದ, "ಹಂಗಾರೆ ಚಂದ್ರಣ್ಣ ಮಾರಿದ ನನ್ ಹಸೂನೂ ಊಹೆ ಮ್ಯಾಲೇ ಏನ್ರೋ?" ಅಂದ. ನಕ್ಕರು. ಹತ್ತಿರ ನಿಂತಿದ್ದವನೊಬ್ಬ ತನ್ನ ಕೈಯನ್ನು ಜೇಬಿಗೆ ಹಾಕಿಕೊಂಡ. ಅದನ್ನು ನೋಡಬಾರದಿತ್ತು, ನೋಡಿದೆ.

ಪರಶುರಾಮ ತಿರುಗಿ ನಡೆದ. ಶೇಷಪ್ಪನಿಗೆ ಆಗಲೇ ಇಬ್ಬರು ಕೈ ಕೊಟ್ಟರು. ನನಗೆ ಯಾರೂ ಇಲ್ಲ. ಗೊತ್ತಿದ್ದದ್ದೇ.

ಹೊರಡುವಾಗ ವೀರಬಸಪ್ಪ ಹಿಂದೆಯೇ ಬಂದು, ಲಾರಿಯ ಮರೆಗೆ ಕರೆದ. ಆಚೀಚೆ ನೋಡಿದ. ನಮ್ಮೆಲ್ಲರ ವ್ಯಾಜ್ಯ ತೀರಿಸುವ ಮನುಷ್ಯ ಅದು, ಎಪ್ಪತ್ತರ ಹತ್ತಿರ.

"ಚಂದ್ರು, ಅದು ಹೆಂಗಿರ್ತದೋ? ಬೆರಳ ಮ್ಯಾಲೆ ಬಟ್ಟೆ ಸುತ್ತಿದಂಗಾ?"

"ಹೂಂ."

"ಬೆಳಿಗ್ಗಿ ಎದ್ದಾಗ ಇರುವೆ ಹರಿದಂಗಾ?"

ನಾನು ಅವನ ಮುಖ ನೋಡಿದೆ. ಅವನು ಕೆಳಗೆ ನೋಡಿದ. "ನಂಗೂ ಎರಡು ವರ್ಷಾತಪ್ಪ. ಯಾರಿಗೂ ಅನ್ನಬ್ಯಾಡ."

ಎರಡು ವರ್ಷ! ಎರಡು ವರ್ಷದಿಂದ ಈ ಮುದುಕ ಊಹೆಯ ಮೇಲೆ ನಮಗೆ ನ್ಯಾಯ ಹೇಳುತ್ತಿದ್ದಾನೆ. ಅಲ್ಲಿ, ಲಾರಿಯ ಮರೆಯಲ್ಲಿ, ಅಪ್ಪನ ವಯಸ್ಸಿನವನಿಗೆ ನಾನು ಬಾಯಿಗೆ ಬಂದ ಹಾಗೆ ಬೈದೆ.

ಅಕ್ಟೋಬರ್ ೯

ವೀರಬಸಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಸುಮ್ಮನೆ ಬಂದನೇ? ಗೇಟಿನ ಹತ್ತಿರ, "ಮೂತ್ರಕ್ಕೆ ಹೋಗಿ ಬರ್ತೀನಿ" ಅಂತ ಹೇಳಿ ಬಸ್ ಸ್ಟ್ಯಾಂಡಿನ ಕಡೆ ಹೊರಟಿದ್ದ. ರಟ್ಟೆ ಹಿಡಿದು ತಂದು ಸಾಲಿನಲ್ಲಿ ನಿಲ್ಲಿಸಿದೆ. "ಮೂತ್ರ ಇಲ್ಲೇ ಬೇಕು ಅವ್ರಿಗೆ, ಡಬ್ಬಿ ಕೊಡ್ತಾರೆ" ಅಂದೆ. ಸಾಲಿನಲ್ಲಿದ್ದ ಹೆಂಗಸರು ನಕ್ಕು ಅವನಿಗೆ ಬೆಂಚಿನಲ್ಲಿ ಜಾಗ ಕೊಟ್ಟರು.

ಒಬ್ಬ ಬಿಳಿ ಅಂಗಿಯವನು ನಡುವೆ ನುಗ್ಗಲು ಬಂದ. ನಾನು ಅವನಿಗೆ ಸಾಲು ತೋರಿಸಿದ ರೀತಿಗೆ ಕೋಣೆಯೊಳಗಿಂದ ಡಾಕ್ಟರ್ ವಾಣಿಶ್ರೀ ಇಣುಕಿ, "ಚಂದ್ರಶೇಖರ್, ಬಿಪಿ" ಅಂದರು. ನನ್ನ ಬಿಪಿ ಸರಿ ಇದೆ. ಸಾಲು ಮುರಿಯುವವರಿಗೆ ಬೈಯದೆ ಇದ್ದರೆ ಏರುತ್ತದೆ.

ವೀರಬಸಪ್ಪನಿಗೂ ಸಕ್ಕರೆ. ನಂಬರ್ ನನಗಿಂತ ಕಡಿಮೆ, ಕಾಲು ನನಗಿಂತ ಕೆಟ್ಟಿದೆ. ಮೆಟ್ಟಿಲಿಳಿಯುವಾಗ ನನ್ನ ಹೆಗಲು ಹಿಡಿದುಕೊಂಡ. "ಸಂತೆಗೆ ತಿಳಿದ್ರೆ ನನ್ ಮಾತು ಯಾರ್ ಕೇಳ್ತಾರೋ" ಅಂದ. ನಾನು ಹೇಳುವುದಿಲ್ಲ ಅಂದೆ. ನನ್ನದು ಹೇಳಬಹುದು, ಅವನದು ನನ್ನದಲ್ಲ.

ನನ್ನ ಸಕ್ಕರೆ ಇಳಿದಿದೆ. ಬೆರಳಿಗೆ ಎಳೆ ಮುಟ್ಟಿಸಿದರು. ಹೆಬ್ಬೆರಳಿನಲ್ಲಿ ಏನೋ ಇದ್ದ ಹಾಗಾಯಿತು. ಆಯಿತೋ, ಇಲ್ಲ ಆಸೆಯೋ. "ತಿಳೀಲಿಲ್ಲ" ಅಂತಲೇ ಹೇಳಿದೆ. ಊಹೆ ಮಾಡಿ ಸಾಕಾಗಿದೆ.

ಅಕ್ಟೋಬರ್ ೨೫. ಸಂತೆ ದಿನ

ದೀಪಾವಳಿ ಹೋಯಿತು, ಹೋರಿಗಳೂ ನನ್ನ ಕಣ್ಣೆದುರೇ ಹೋದವು. ಒಂದೂ ನನ್ನ ಕೈಯಿಂದ ಹೋಗಲಿಲ್ಲ.

ಇವತ್ತು ಪರಶುರಾಮ ಅದೇ ಜೋಡಿ ಎತ್ತು ಹೊಡೆದುಕೊಂಡು ಬಂದು, ಎಲ್ಲರನ್ನೂ ದಾಟಿ ನನ್ನ ಎದುರು ನಿಂತ. "ನೋಡ್ರಿ ಇವನ್ನ" ಅಂದ. ಯಾಕೆ ಅಂತ ಕೇಳಿದೆ, ಸಿಟ್ಟಿನಲ್ಲೇ ಕೇಳಿದೆ, ಕರುಣೆ ತೋರಿಸಲು ಬಂದಿದ್ದರೆ ಎತ್ತು ಹೊಡೆದುಕೊಂಡು ಹೋಗು ಅಂತ. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದೋರು ಈ ಸಂತ್ಯಾಗ ನೀವೊಬ್ರೇ. ಬ್ಯಾರೆಯೋರ್ದು ನಂಗೇನ್ ಗೊತ್ತು?" ಅಂದ.

ಕೊಳ್ಳುವವನ ಕಡೆಯಿಂದ ಬಂದವನು ಶೇಷಪ್ಪ. ಜನ ಸುತ್ತ ನಿಂತರು, ದೊಂಬರಾಟ ನೋಡುವ ಹಾಗೆ. ಟವೆಲ್ ಹೊದಿಸಿದೆವು. ಅವನು ಹಿಡಿದ.

ತಿಳಿಯಲಿಲ್ಲ. ಬಟ್ಟೆ ಸುತ್ತಿದ ಹಾಗೆ, ದೂರದಲ್ಲಿ ಯಾರೋ ಇದ್ದ ಹಾಗೆ. ತಲೆ ಆಗಲೇ ಲೆಕ್ಕ ಶುರು ಮಾಡಿತ್ತು, ಈ ಎತ್ತಿಗೆ ಇಷ್ಟಿರಬೇಕು ಅಂತ. ಬಾಯಿ ಮುಚ್ಚು ಅಂದೆ ತಲೆಗೆ.

"ತಿಳೀಲಿಲ್ಲ. ಇನ್ನೊಂದ್ಸಲ ಹಿಡಿ" ಅಂದೆ. ಜೋರಾಗಿಯೇ ಅಂದೆ. ಟವೆಲ್ಲಿನೊಳಗೆ ಎರಡನೇ ಸಲ ಕೇಳುವುದು ನಮ್ಮಲ್ಲಿ ಇಲ್ಲ. ಸುತ್ತ ಗುಸುಗುಸು ಆಯಿತು.

ಶೇಷಪ್ಪ, "ಎಲುಬು ಮುರಿಯೋ ಹಾಂಗ್ ಹಿಡಿಲನಾ?" ಅಂದ. ಹಿಡಿದ. ಒಂದೊಂದೇ ಬೆರಳು, ಬುಡದಿಂದ. ಆಮೇಲೆ, "ಈಗ ನೀ ನನ್ನವನ್ನ ಹಿಡಿದು ತೋರ್ಸು, ಎಷ್ಟು ಅಂತ" ಅಂದ. ನಾನು ಅವನ ಬೆರಳು ಹಿಡಿದು ತೋರಿಸಿದೆ. ಅವನು ತಲೆಯಾಡಿಸಿದ. ಟವೆಲ್ ತೆಗೆದೆವು. ಪರಶುರಾಮನಿಗೆ ಹೇಳಿದೆ, ಅತ್ತ ಶೇಷಪ್ಪ ಕೊಳ್ಳುವವನಿಗೆ ಹೇಳಿದ. ಇಬ್ಬರ ಮಾತೂ ಒಂದೇ ಆಯಿತು.

"ಹಿಂಗ್ ಎಲ್ರೂ ಎರಡೆರಡು ಸಲ ಹಿಡ್ಕಂತ ಕೂತ್ರೆ ಸಂತೆ ಮುಗಿದಂಗೆ" ಅಂತ ಯಾರೋ ಅಂದರು. ನಾನು ತಿರುಗಿ ಬೈಯಬೇಕು ಅನ್ನುವಷ್ಟರಲ್ಲಿ ವೀರಬಸಪ್ಪ ಗುಂಪು ಸರಿಸಿಕೊಂಡು ಒಳಗೆ ಬಂದ. ಬಲಗೈ ಎತ್ತಿ ಎಲ್ಲರಿಗೂ ತೋರಿಸಿದ, ಐದೂ ಬೆರಳು ಬಿಡಿಸಿ.

"ಇವತ್ತಿಂದ ನಂಗೂ ಎರಡು ಸಲ ಹಿಡಿರಪ್ಪ" ಅಂದ. "ನಂಗೂ ತಿಳಿಯಂಗಿಲ್ಲ."

ಯಾರೂ ನಗಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ, ಆವತ್ತು ಕೈ ಜೇಬಿಗೆ ಹಾಕಿಕೊಂಡವನೇ, ಮೆಲ್ಲಗೆ ಕೇಳಿದ, "ಆ ಡಾಕ್ಟ್ರು ಯಾವ್ ದಿನ ಇರ್ತಾರ್ರೀ ಚಂದ್ರಣ್ಣ?"

"ದಿನಾ ಇರ್ತಾರೋ! ದಿನಾ!" ಅಂತ ಕಿರುಚಿದೆ. ಗಂಟಲು ಇನ್ನೂ ಉರಿಯುತ್ತಿದೆ.